ಪತಿಯ ಮನೆತನದಲ್ಲಿ ಮಾವೋರಿ ಮೂಲವಿದೆಯೇ? ದಕ್ಷಿಣ ನ್ಯೂಜಿಲೆಂಡಿನ ಹಳೆಯ ದಾಖಲೆಗಳ ಬಗ್ಗೆ ಮಾರ್ಗದರ್ಶನ ಬೇಕು

ಕುಮುದ್ವತಿ:

ಎಲ್ಲರಿಗೂ ನಮಸ್ಕಾರ.

ನಾನು ಮೂಲತಃ ಶಿಕಾರಿಪುರದ ಕಡೆಯವಳು. ಮದುವೆಯಾದಂದಿನಿಂದ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ತುದಿಯಲ್ಲಿರುವ ಇನ್ವರ್‌ಕಾರ್ಗಿಲ್‌ನಲ್ಲಿ ನೆಲೆಸಿದ್ದೇನೆ. ನನ್ನ ಪತಿಯ ಮನೆತನದವರು ಹಲವು ತಲೆಮಾರುಗಳಿಂದ ಇದೇ ಸೌತ್‌ಲ್ಯಾಂಡ್ ಪ್ರಾಂತ್ಯದವರು, ತಮ್ಮನ್ನು ಬ್ರಿಟಿಷ್ ವಲಸಿಗರ ಸಂತತಿಯೆಂದೇ ಹೇಳಿಕೊಳ್ಳುತ್ತ ಬಂದವರು. ಆದರೆ ನಮ್ಮ ಅತ್ತೆಯವರ ತಂದೆಯ ಕಡೆಯಲ್ಲಿ ಮಾವೋರಿ ಸಂಬಂಧ, ಅಂದರೆ ಇಲ್ಲಿನ ಮೂಲನಿವಾಸಿಗಳ ಸಂಬಂಧವಿದೆ ಎಂಬ ಮಾತು ಮನೆಯ ಹಿರಿಯರ ನಡುವೆ ಆಗೊಮ್ಮೆ ಈಗೊಮ್ಮೆ ಬರುತ್ತದೆ, ಬಂದಷ್ಟೇ ಬೇಗ ನಿಂತೂ ಹೋಗುತ್ತದೆ. ಈಗ ನನ್ನ ಮಗಳು ಶಾಲೆಯಲ್ಲಿ ಪೆಪೆಹಾ ಕಲಿಯುತ್ತಿದ್ದಾಳೆ. ಅಂದರೆ ತನ್ನ ಬೆಟ್ಟ, ತನ್ನ ಹೊಳೆ, ತನ್ನ ಹಿರಿಯರನ್ನು ಹೆಸರಿಸಿ ತನ್ನನ್ನು ಪರಿಚಯಿಸಿಕೊಳ್ಳುವ ಮಾವೋರಿ ಪದ್ಧತಿ. ಅಮ್ಮನ ಕಡೆಯಿಂದ ಕುಮುದ್ವತಿ ಹೊಳೆಯನ್ನು ಹೇಳಬಲ್ಲೆ, ಅಪ್ಪನ ಕಡೆಯಿಂದ ಏನು ಹೇಳಲಿ ಎಂದು ಅವಳು ಕೇಳಿದಾಗ ನಮ್ಮಿಬ್ಬರ ಬಳಿಯೂ ಉತ್ತರವಿರಲಿಲ್ಲ.

ಈವರೆಗೆ ಖಚಿತವಾಗಿ ಗೊತ್ತಿರುವುದು ಇಷ್ಟು. ಅತ್ತೆಯವರು ಹುಟ್ಟಿದ್ದು 1946ರಲ್ಲಿ. ಅವರ ತಂದೆ 1908ರಲ್ಲಿ, ತಂದೆಯ ತಾಯಿ 1878ರಲ್ಲಿ ಹುಟ್ಟಿದವರು. ಈ ಮೂವರ ಜನನ ದಾಖಲೆಗಳೂ ನಮ್ಮ ಕೈಯಲ್ಲಿವೆ. 1878ರಲ್ಲಿ ಹುಟ್ಟಿದವರ ತಾಯಿ, ಅಂದರೆ ನಾನು ಕೇಳಬೇಕೆಂದಿರುವ ಮಹಿಳೆ, 1896ರಲ್ಲಿ 56ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮರಣ ಪ್ರಮಾಣಪತ್ರದಲ್ಲಿ ಹುಟ್ಟಿದ ಸ್ಥಳ ಫೋವೋ ಜಲಸಂಧಿ (ದಕ್ಷಿಣ ದ್ವೀಪಕ್ಕೂ ಸ್ಟೂವರ್ಟ್ ದ್ವೀಪಕ್ಕೂ ನಡುವಿನ ಕಡಲು) ಎಂದಿದೆ. ತಂದೆಯ ಹೆಸರಿನ ಮುಂದೆ ತಿಮಿಂಗಿಲ ಬೇಟೆಗಾರ ಎಂದು ಬರೆದಿದ್ದಾರೆ. ತಾಯಿಯ ಹೆಸರು ಬರಿಯ ಮೇರಿ; ತವರಿನ ಮನೆತನದ ಹೆಸರು ಬರೆಯಬೇಕಾದ ಜಾಗ ಖಾಲಿ ಇದೆ.

ಗೊಂದಲ ಇಲ್ಲಿಂದ ಮುಂದಿದೆ. ಈ ಮಹಿಳೆಯ ಗಂಡ 1889ರಲ್ಲಿ ತೀರಿಕೊಂಡವರು. ಅವರ ಮರಣ ದಾಖಲೆಯಲ್ಲಿ ಹುಟ್ಟಿದ್ದು ಮದ್ರಾಸ್, ನ್ಯೂಜಿಲೆಂಡಿನಲ್ಲಿ ವಾಸ 26 ವರ್ಷ ಎಂದಿದೆ. ಸೈನಿಕರಾಗಿ ಬಂದವರು ಎಂದು ಮನೆಯಲ್ಲಿ ಹೇಳುತ್ತಾರೆ. ಅತ್ತೆಯವರ ಅಣ್ಣನ ವಾದವೇನೆಂದರೆ, ಮನೆಯ ಹಳೆಯ ಚಿತ್ರಗಳಲ್ಲಿ ಕಾಣುವ ಶ್ಯಾಮಲ ವರ್ಣ ಈ ಸೈನಿಕರಿಂದ, ಅಂದರೆ ಇಂಡಿಯಾದಿಂದ ಬಂದದ್ದೇ ಹೊರತು ಮಾವೋರಿ ಕಥೆಯಲ್ಲಿ ಹುರುಳಿಲ್ಲ. ಇನ್ನೊಂದು ಕಡೆ ದೂರದ ನೆಂಟರೊಬ್ಬರು ಅಂತರ್ಜಾಲದ ವಂಶವೃಕ್ಷದಲ್ಲಿ ಆ ಮೇರಿಯನ್ನು ಹೆಸರಾಂತ ಮುಖಂಡನೊಬ್ಬನ ಮಗಳೆಂದು ಸೇರಿಸಿಬಿಟ್ಟಿದ್ದಾರೆ. ಆಧಾರ ಯಾವುದನ್ನೂ ಕೊಟ್ಟಿಲ್ಲ.

ಯಾವ ದಾಖಲೆಗಳನ್ನು ಯಾವ ಕ್ರಮದಲ್ಲಿ ನೋಡಬೇಕು, ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಪ್ರಯೋಜನವಿದೆಯೇ, ಮತ್ತು ಮಾವೋರಿ ಸಮುದಾಯದವರನ್ನು ಯಾವ ಹಂತದಲ್ಲಿ, ಹೇಗೆ ಕೇಳುವುದು ಸರಿ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಹಳೆಕಡತ:

ಕುಮುದ್ವತಿ ಅವರೇ, ನಾನು ಡನೀಡಿನ್‌ನಲ್ಲಿದ್ದೇನೆ. ಇಲ್ಲಿ ವಂಶಾವಳಿ ಹುಡುಕಿಕೊಂಡು ಬರುವವರಿಗೆ ಹಲವು ವರ್ಷಗಳಿಂದ ನೆರವಾಗುತ್ತಿದ್ದೇನೆ. ನಿಮ್ಮ ಕೈಯಲ್ಲಿರುವ ಕಾಗದಗಳು ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚನ್ನು ಹೇಳುತ್ತಿವೆ.

1840ರ ಸುಮಾರಿಗೆ ಫೋವೋ ಜಲಸಂಧಿಯಲ್ಲಿ ಹುಟ್ಟಿದ ಮಗು ಎಂದಮೇಲೆ ಆ ಕಾಲದಲ್ಲಿ ಅಲ್ಲಿ ಯಾರಿದ್ದರು ಎಂದು ಕೇಳಿಕೊಳ್ಳಬೇಕು. ಬ್ರಿಟಿಷರಿಗೂ ಮಾವೋರಿ ಮುಖಂಡರಿಗೂ ನಡುವಿನ ವೈಟಾಂಗಿ ಒಪ್ಪಂದಕ್ಕೆ ಸಹಿ ಬಿದ್ದದ್ದೇ 1840ರ ಫೆಬ್ರವರಿ 6ರಂದು, ಅದೂ ದೂರದ ಉತ್ತರದಲ್ಲಿ. ಡನೀಡಿನ್‌ಗೆ ಸ್ಕಾಟ್ ವಲಸಿಗರ ಹಡಗುಗಳು ಬಂದದ್ದು 1848ರಲ್ಲಿ. ಅದಕ್ಕೆ ಮೊದಲು ಈ ಜಲಸಂಧಿಯಲ್ಲಿದ್ದ ಯುರೋಪಿಯನ್ನರೆಂದರೆ ಸೀಲ್ ಬೇಟೆಗಾರರು, ಅವರ ನಂತರ ಬಂದ ತಿಮಿಂಗಿಲ ಬೇಟೆಗಾರರು, ಹಡಗು ಬಿಟ್ಟು ಇಳಿದ ನಾವಿಕರು. ಹೆಚ್ಚುಕಡಿಮೆ ಎಲ್ಲರೂ ಗಂಡಸರು. 1820ರ ದಶಕದಲ್ಲಿ ಕಾಡ್‌ಫಿಶ್ ದ್ವೀಪದಲ್ಲಿ ಸೀಲ್ ಬೇಟೆಗಾರರೂ ಅವರ ಮಾವೋರಿ ಪತ್ನಿಯರೂ ಕೂಡಿ ನೆಲೆಸಿದ್ದರು. ಆಮೇಲೆ ಸ್ಟೂವರ್ಟ್ ದ್ವೀಪ, ಬ್ಲಫ್, ಈಗ ರಿವರ್ಟನ್ ಎನ್ನುವ ಅಪರಿಮಾ, ಹೀಗೆ ತೀರದುದ್ದಕ್ಕೂ ಅಂಥ ಸಂಸಾರಗಳು ಬೆಳೆದವು. ಅಲ್ಲಿ ಯುರೋಪಿಯನ್ ಹೆಂಗಸರು ಬೆರಳೆಣಿಕೆಯಷ್ಟೂ ಇದ್ದಿರಲಾರರು. ಆದ್ದರಿಂದ ಮರಣ ಪತ್ರದಲ್ಲಿರುವ ಸ್ಥಳ ಮತ್ತು ವಯಸ್ಸು ಸರಿಯೆಂದಾದರೆ, ತಾಯಿ ಮಾವೋರಿ ಆಗಿದ್ದರು ಎಂಬುದು ಬರಿಯ ಊಹೆಯಾಗಿ ಉಳಿಯುವುದಿಲ್ಲ, ಬಹುಮಟ್ಟಿನ ಸಂಭಾವ್ಯತೆಯಾಗುತ್ತದೆ. ಆದರೂ ಅದು ಸಂಭಾವ್ಯತೆಯೇ. ಮರಣದ ವಿವರ ಕೊಟ್ಟವರು ಮಗನೋ ಅಳಿಯನೋ ಆಗಿರಬಹುದು, ಅವರಿಗೆ 1840ರ ಸಂಗತಿ ಎಷ್ಟು ಗೊತ್ತಿತ್ತು ಎಂಬುದನ್ನು ಗಮನಿಸಬೇಕು. ಮಾಹಿತಿ ಕೊಟ್ಟವರ ಹೆಸರು ಅದೇ ಪುಟದಲ್ಲಿದ್ದರೆ ದಯವಿಟ್ಟು ಬರೆದಿಟ್ಟುಕೊಳ್ಳಿ.

ನಾಗರಿಕ ನೋಂದಣಿಯ ಇತಿಮಿತಿಯನ್ನು ಹೇಳುತ್ತೇನೆ. ಈ ದೇಶದಲ್ಲಿ ಜನನ ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದು 1848ರಲ್ಲಿ, ಆದ್ದರಿಂದ ನಿಮ್ಮ ಹಿರಿಯರ ಜನನ ಅಲ್ಲಿ ಸಿಗುವುದಿಲ್ಲ. ಮಾವೋರಿಗಳಿಗೆ ವಿವಾಹ ನೋಂದಣಿ ಕಡ್ಡಾಯವಾದದ್ದು 1911ರಿಂದ, ಜನನ ಮರಣಗಳದು 1913ರಿಂದ. 1961ರವರೆಗೂ ಅವರಿಗೆ ಪ್ರತ್ಯೇಕ ಪುಸ್ತಕಗಳಿದ್ದವು. 1876ರಿಂದ ಮರಣ ದಾಖಲೆಗಳಲ್ಲಿ ಹೆತ್ತವರು, ಹುಟ್ಟಿದ ಸ್ಥಳ, ಬದುಕಿರುವ ಮಕ್ಕಳು ಮೊದಲಾದ ವಿವರಗಳು ಸೇರಿದ್ದರಿಂದಲೇ ನಿಮಗೆ ಇಷ್ಟಾದರೂ ಸಿಕ್ಕಿದೆ. ಒಂದು ವಿನಂತಿ: ಪ್ರಮಾಣಪತ್ರದ ಬದಲು ಮೂಲ ಪುಸ್ತಕದ ಪುಟದ ನಕಲನ್ನೇ ತರಿಸಿಕೊಳ್ಳಿ, ಅದನ್ನು ಪ್ರಿಂಟ್‌ಔಟ್ ಎಂದೇ ಕೇಳಬೇಕು. ಟೈಪು ಮಾಡಿದ ಪ್ರಮಾಣಪತ್ರದಲ್ಲಿ ಬಾರದ ಅಂಚಿನ ಟಿಪ್ಪಣಿಗಳು, ಹೊಡೆದು ಹಾಕಿದ ಅಕ್ಷರಗಳು ಅದರಲ್ಲಿ ಕಾಣುತ್ತವೆ. ಖಾಲಿ ಎಂದುಕೊಂಡ ಜಾಗದಲ್ಲಿ ಏನೋ ಬರೆದು ಅಳಿಸಿರುವುದೂ ಉಂಟು.

ಜನನಕ್ಕೆ ಬದಲಾಗಿ ಪಾದ್ರಿಗಳ ದೀಕ್ಷಾಸ್ನಾನದ ಪುಸ್ತಕಗಳನ್ನು ನೋಡಿ. ವೆಸ್ಲಿಯನ್ ಪಂಥದ ಜೇಮ್ಸ್ ವಾಟ್ಕಿನ್ 1840ರಲ್ಲಿ ವೈಕೊವೈಟಿಗೆ ಬಂದರು. ಜರ್ಮನಿಯ ಯೊಹಾನ್ ವೋಲರ್ಸ್ 1844ರಿಂದ ಜಲಸಂಧಿಯ ನಡುವಿನ ರುವಾಪುಕೆ ದ್ವೀಪದಲ್ಲಿದ್ದು, 1885ರಲ್ಲಿ ಸಾಯುವವರೆಗೂ ಅಲ್ಲಿನವರ ದೀಕ್ಷೆ, ಮದುವೆಗಳನ್ನು ಬರೆದಿಟ್ಟರು. 1844ರ ಆರಂಭದಲ್ಲಿ ಆಂಗ್ಲಿಕನ್ ಬಿಷಪ್ ಸೆಲ್ವಿನ್ ಕೂಡ ಈ ತೀರಕ್ಕೆ ಬಂದು ಹೋದರು. ಇಂಥ ಭೇಟಿಗಳಲ್ಲಿ ಎಷ್ಟೋ ವರ್ಷ ಕೂಡಿ ಬಾಳಿದ್ದ ದಂಪತಿಗಳಿಗೆ ಮದುವೆಯನ್ನೂ ಅವರ ಮಕ್ಕಳಿಗೆಲ್ಲ ಒಟ್ಟಿಗೆ ದೀಕ್ಷೆಯನ್ನೂ ಕೊಡುತ್ತಿದ್ದರಾದ್ದರಿಂದ, ನಾಲ್ಕಾರು ವರ್ಷದ ಮಗು ಪುಸ್ತಕದಲ್ಲಿ ಕಂಡರೆ ಅಚ್ಚರಿಪಡಬೇಡಿ. ಮೇರಿ ಎಂಬುದನ್ನು ಮೇರೆ ಎಂದು ಬರೆದಿರಬಹುದು. ದೀಕ್ಷೆಗೆ ಮೊದಲಿದ್ದ ಮಾವೋರಿ ಹೆಸರೊಂದೇ ಇದ್ದರೂ ಇರಬಹುದು. ಹಾಗಾಗಿ ತಾಯಿಯ ಹೆಸರನ್ನು ಹಿಡಿದು ಹುಡುಕದೆ ತಂದೆಯ ಹೆಸರನ್ನು ಹಿಡಿದು ಹುಡುಕಿ.

ಇನ್ನು ಭೂಮಿಯ ಕಾಗದಗಳು. ನನ್ನ ಅನುಭವದಲ್ಲಿ ಇವುಗಳಷ್ಟು ನೆರವಾಗುವುದು ಬೇರೊಂದಿಲ್ಲ. ನಮ್ಮೂರಲ್ಲಿ ಪೌತಿ ಖಾತೆ ಮಾಡಿಸಬೇಕಾದಾಗ ಗ್ರಾಮ ಲೆಕ್ಕಿಗರ ಮುಂದೆ ವಂಶವೃಕ್ಷ ಬರೆಸುವಂತೆ, ಇಲ್ಲಿಯೂ ಭೂಮಿಯ ಹಕ್ಕು ಯಾರದೆಂಬ ಪ್ರಶ್ನೆ ಎದ್ದಾಗಲೇ ವಂಶಾವಳಿಗಳು ಕಾಗದಕ್ಕೆ ಇಳಿದವು. 1865ರಲ್ಲಿ ನೆಲೆಗೊಂಡ ಭೂ ನ್ಯಾಯಾಲಯದಲ್ಲಿ ಹಕ್ಕುದಾರರು ಎದ್ದು ನಿಂತು ತಮ್ಮ ಹಿರಿಯರ ಹೆಸರುಗಳನ್ನು ತಲೆಮಾರುಗಟ್ಟಲೆ ಹೇಳಿದ್ದಾರೆ, ಗುಮಾಸ್ತರು ಅದನ್ನು ನಡಾವಳಿ ಪುಸ್ತಕಗಳಲ್ಲಿ ಬರೆದುಕೊಂಡಿದ್ದಾರೆ. ಆ ಪುಸ್ತಕಗಳಿಗೆ ಆಕ್ಲೆಂಡ್ ವಿಶ್ವವಿದ್ಯಾಲಯದವರು ಸೂಚಿಯನ್ನೂ ಮಾಡಿದ್ದಾರೆ. ಆದರೆ ಅವು ವ್ಯಾಜ್ಯದಲ್ಲಿ ಗೆಲ್ಲುವ ಸಲುವಾಗಿ ಹೇಳಿದ ಮಾತುಗಳು. ಬೇಕಾದ ಕವಲನ್ನು ಹೇಳಿ ಬೇಡದ ಕವಲನ್ನು ಬಿಟ್ಟಿರಬಹುದು. ಎದುರು ಪಕ್ಷದವರು ಏನು ಹೇಳಿದರೆಂಬುದನ್ನೂ ಓದದೆ ತೀರ್ಮಾನಕ್ಕೆ ಬರಬಾರದು.

ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದವು ಎರಡು. ಮಿಶ್ರ ಸಂತತಿಯವರನ್ನು ಆಗಿನ ಸರ್ಕಾರ ಹಾಫ್‌ಕಾಸ್ಟ್ ಎಂದು ಕರೆಯುತ್ತಿತ್ತು. ಇಂದು ಯಾರೂ ಬಳಸಬಾರದ ಮಾತು, ಆದರೆ ಹುಡುಕುವಾಗ ಆ ಶಬ್ದದಲ್ಲೇ ಹುಡುಕಬೇಕಾಗುತ್ತದೆ. 1864ರಲ್ಲಿ ಸ್ಟೂವರ್ಟ್ ದ್ವೀಪವನ್ನು ಸರ್ಕಾರ ಖರೀದಿಸಿದಾಗ ಅವರಿಗೆಂದು ದ್ವೀಪದ ನೆಕ್ ಎಂಬಲ್ಲಿ ಜಮೀನು ಮೀಸಲಿಟ್ಟಿತು. 1877ರಲ್ಲಿ ದಕ್ಷಿಣ ದ್ವೀಪದ ಮಿಶ್ರ ಸಂತತಿಯವರಿಗೆ ಭೂಮಿ ಕೊಡಲೆಂದೇ ಒಂದು ಕಾಯಿದೆ ಬಂತು, ಅದಕ್ಕೆ ಸಂಬಂಧಿಸಿದ ಹೆಸರುಗಳ ಪಟ್ಟಿಗಳಿವೆ. 1906ರ ಭೂಹೀನ ಮಾವೋರಿಗಳ ಕಾಯಿದೆಯ ಪಟ್ಟಿಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. 1878ರಲ್ಲಿ ಹುಟ್ಟಿದವರಾಗಲಿ ಅವರ ಅಕ್ಕತಂಗಿಯರಾಗಲಿ ಅಲ್ಲಿ ಕಾಣುತ್ತಾರೆಯೇ ನೋಡಿ. ಮನೆಮನೆಯ ಜನಗಣತಿ ಹಾಳೆಗಳನ್ನು ಈ ದೇಶದಲ್ಲಿ ಉಳಿಸಿಲ್ಲವಾದ್ದರಿಂದ ಆ ದಾರಿಯಲ್ಲಿ ಸಮಯ ಕಳೆಯಬೇಡಿ. ಪೇಪರ್ಸ್ ಪಾಸ್ಟ್ ಜಾಲತಾಣದಲ್ಲಿ ಹಳೆಯ ಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. 1896ರ ಸೌತ್‌ಲ್ಯಾಂಡ್ ಟೈಮ್ಸ್‌ನಲ್ಲಿ ಮರಣವಾರ್ತೆ ಬಂದಿರಬಹುದು.

ನೆಂಟರ ವಂಶವೃಕ್ಷದಲ್ಲಿರುವ ಮುಖಂಡನ ಮಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಆಧಾರವಿಲ್ಲದೆ ದೊಡ್ಡ ಹೆಸರಿಗೆ ಗಂಟು ಹಾಕುವುದು ಎರಡು ಮನೆತನಗಳಿಗೆ ಮಾಡುವ ಅನ್ಯಾಯ: ಒಂದು ಆ ಮುಖಂಡನ ನಿಜವಾದ ವಂಶದವರಿಗೆ, ಇನ್ನೊಂದು ಹೆಸರೇ ಉಳಿಯದೆ ಹೋದ ಆ ತಾಯಿಯ ತವರಿಗೆ.

ವರ್ಣತಂತು:

ಡಿಎನ್‌ಎ ಬಗ್ಗೆ ಕೇಳಿದ್ದೀರಿ. ನಿಮ್ಮ ವಿಷಯದಲ್ಲಿ ಅದರಿಂದ ಉಪಯೋಗವಿದೆ, ಆದರೆ ಯಾರನ್ನು ಪರೀಕ್ಷಿಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

1840ರಲ್ಲಿ ಹುಟ್ಟಿದ ಮಹಿಳೆಯ ತಾಯಿ ಅತ್ತೆಯವರಿಗೆ ನಾಲ್ಕು ತಲೆಮಾರು ಹಿಂದಿನವರು, ನಿಮ್ಮ ಪತಿಗೆ ಐದು. ಸರಾಸರಿ ಲೆಕ್ಕದಲ್ಲಿ ಅತ್ತೆಯವರ ಡಿಎನ್‌ಎಯಲ್ಲಿ ಆ ತಾಯಿಯ ಪಾಲು ಶೇ 6.25, ಪತಿಯಲ್ಲಿ ಶೇ 3.1, ಮಗಳಲ್ಲಿ ಶೇ 1.6. ಇವು ಸರಾಸರಿಗಳು ಮಾತ್ರ. ಪ್ರತಿ ತಲೆಮಾರಿನಲ್ಲೂ ಹಂಚಿಕೆ ಏರುಪೇರಾಗುತ್ತದೆ. ಆದ್ದರಿಂದ ಅತ್ತೆಯವರು ಒಪ್ಪಿದರೆ ಅವರದ್ದೇ ಮಾದರಿ ಕೊಡಿಸಿ, ಅವರ ಅಣ್ಣನವರು ಕೊಟ್ಟರೆ ಇನ್ನೂ ಒಳ್ಳೆಯದು. ತಂಗಿಗೆ ಬಾರದ ತುಣುಕು ಅಣ್ಣನಿಗೆ ಬಂದಿರಬಹುದು. ಮದ್ರಾಸಿನ ಸೈನಿಕರ ತಾಯಿ ಭಾರತೀಯರಾಗಿದ್ದರೆ ಅವರೂ ಅದೇ ನಾಲ್ಕನೆಯ ತಲೆಮಾರಿನವರು, ಅವರ ಪಾಲೂ ಅಷ್ಟೇ. ಪಾಲಿನೇಷ್ಯಾದ ಮೂಲ ಮತ್ತು ದಕ್ಷಿಣ ಏಷ್ಯಾದ ಮೂಲ ಇವೆರಡನ್ನೂ ಪರೀಕ್ಷೆಗಳು ಸ್ಪಷ್ಟವಾಗಿ ಬೇರ್ಪಡಿಸಬಲ್ಲವಾದ್ದರಿಂದ, ಅಣ್ಣ ತಂಗಿಯರ ಎರಡು ಕಥೆಗಳಲ್ಲಿ ಒಂದು ನಿಜವೇ ಅಥವಾ ಎರಡೂ ನಿಜವೇ ಎಂಬುದಕ್ಕೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಮಗಳ ಮಾದರಿಯನ್ನು ಮಾತ್ರ ಇದಕ್ಕೆ ಬಳಸಬೇಡಿ. ಅವಳ ಅರ್ಧ ಭಾಗ ನಿಮ್ಮಿಂದ ಬಂದದ್ದು. ಅದರ ನಡುವೆ ಮದ್ರಾಸಿನ ಅಜ್ಜನಿಂದ ಬಂದಿರಬಹುದಾದ ಚೂರನ್ನು ಬೇರ್ಪಡಿಸುವುದು ಆಗದ ಕೆಲಸ.

ತಾಯಿಯಿಂದ ಮಕ್ಕಳಿಗೆ ಮಾತ್ರ ಹರಿಯುವ ಮೈಟೋಕಾಂಡ್ರಿಯಾದ ಡಿಎನ್‌ಎ ಇನ್ನೂ ಖಚಿತವಾದ ಸಾಕ್ಷಿ. ಮಾವೋರಿಗಳಲ್ಲಿ ಅದು ಬಹುಪಾಲು ಬಿ4ಎ1ಎ1 ಎಂಬ ಗುಂಪಿಗೆ ಸೇರಿರುತ್ತದೆ, ಬ್ರಿಟನ್ನಿನಿಂದ ಬಂದ ಹೆಂಗಸರಲ್ಲಿ ಅದು ಇರುವುದಿಲ್ಲ. ತೊಂದರೆಯೆಂದರೆ, ಆ ಸಾಲು 1878ರಲ್ಲಿ ಹುಟ್ಟಿದವರಿಂದ ಅತ್ತೆಯವರ ತಂದೆಗೆ ಬಂದು ಅಲ್ಲಿಗೆ ನಿಂತುಹೋಯಿತು, ಗಂಡಸರು ಅದನ್ನು ಮುಂದಕ್ಕೆ ಕೊಡುವುದಿಲ್ಲ. ಅತ್ತೆಯವರ ತಂದೆಗೆ ಅಕ್ಕತಂಗಿಯರಿದ್ದು, ಅವರ ಹೆಣ್ಣುಮಕ್ಕಳ ಮಕ್ಕಳು ಯಾರಾದರೂ ಇದ್ದರೆ ಅವರನ್ನು ಹುಡುಕಿ. ನಡುವೆ ಒಬ್ಬ ಗಂಡಸೂ ಬಾರದಂತೆ ಇಳಿದು ಬಂದ ಸಾಲು ಬೇಕು. ಕೊನೆಯಲ್ಲಿ ಮಾದರಿ ಕೊಡುವವರು ಗಂಡಸಾದರೂ ಅಡ್ಡಿಯಿಲ್ಲ.

ಒಂದು ಎಚ್ಚರಿಕೆಯ ಮಾತು. ಮಾವೋರಿ ಮೂಲದ ಸಂಬಂಧಿಗಳು ಪಟ್ಟಿಯಲ್ಲಿ ಕಂಡರೆ ಕಂಪನಿ ತೋರಿಸುವ ಸಾಮೀಪ್ಯವನ್ನು ಹಾಗೇ ನಂಬಬೇಡಿ. ಪಾಲಿನೇಷ್ಯಾದ ದ್ವೀಪಗಳಿಗೆ ಮೊದಲು ಬಂದು ನೆಲೆಸಿದವರ ಸಂಖ್ಯೆ ಚಿಕ್ಕದಾಗಿದ್ದುದರಿಂದ, ದೂರದ ಸಂಬಂಧಿಗಳ ನಡುವೆಯೂ ಹಂಚಿಕೊಂಡ ಡಿಎನ್‌ಎ ಹೆಚ್ಚಾಗಿಯೇ ಇರುತ್ತದೆ. ಮೂರನೆಯ ಸೋದರ ಸಂಬಂಧಿ ಎಂದು ಕಂಡವರು ನಿಜದಲ್ಲಿ ಆರೇಳು ತಲೆಮಾರು ದೂರದವರಿರಬಹುದು.

ದಂಡುಪ್ರದೇಶ:

ನಮಸ್ಕಾರ. ನಾನು ಬೆಂಗಳೂರಿನ ದಂಡಿನಲ್ಲಿ ಹುಟ್ಟಿ ಬೆಳೆದವನು. ಇಲ್ಲಿದ್ದ ಬ್ರಿಟಿಷ್ ಪಡೆಗಳ ಚರಿತ್ರೆಯಲ್ಲಿ ನನಗೆ ಆಸಕ್ತಿ. ನಿಮ್ಮ ಪ್ರಶ್ನೆಯ ಸೈನಿಕರ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ.

1889ರಲ್ಲಿ 26 ವರ್ಷ ವಾಸವೆಂದರೆ ಅವರು ಬಂದದ್ದು 1863ರ ಆಸುಪಾಸಿನಲ್ಲಿ. ಮಾವೋರಿಗಳ ವಿರುದ್ಧದ ವೈಕಾಟೋ ಯುದ್ಧಕ್ಕೆಂದು ಬ್ರಿಟಿಷ್ ಸರ್ಕಾರ ಭಾರತದ ಕಡೆಯಿಂದ ಪಡೆಗಳನ್ನು ಕರೆಸಿಕೊಂಡ ಕಾಲವದು. ಅವುಗಳಲ್ಲಿ 43ನೆಯ ಲೈಟ್ ಇನ್‌ಫೆಂಟ್ರಿ ಕಲ್ಕತ್ತೆಯಿಂದ ಹೊರಟು 1863ರ ಕೊನೆಯಲ್ಲಿ ಆಕ್ಲೆಂಡ್ ತಲುಪಿತು. 1864ರ ಏಪ್ರಿಲ್ 29ರಂದು ಟೌರಂಗಾದ ಗೇಟ್ ಪಾ ಕದನದಲ್ಲಿ ಅಪಾರ ಸಾವುನೋವು ಕಂಡದ್ದು ಇದೇ ಪಡೆ. ಈ ಪಡೆ 1854ರಲ್ಲಿ ಮದ್ರಾಸ್ ಪ್ರೆಸಿಡೆನ್ಸಿಗೆ ಬಂದು ನಮ್ಮ ಬೆಂಗಳೂರಿನ ದಂಡಿನಲ್ಲಿತ್ತು, 1858ರ ಆರಂಭದಲ್ಲಿ ಇಲ್ಲಿಂದ ಉತ್ತರ ಭಾರತಕ್ಕೆ ಕಾಲುನಡಿಗೆಯಲ್ಲೇ ಸಾಗಿತು. ಹಾಗೆಂದು ನಿಮ್ಮವರು ಇದೇ ಪಡೆಯವರು ಎಂದು ನಾನು ಹೇಳುತ್ತಿಲ್ಲ. ಹುಡುಕಾಟವನ್ನು ಇಲ್ಲಿಂದ ಶುರುಮಾಡುವುದು ಯುಕ್ತ ಎಂದಷ್ಟೇ ಹೇಳುತ್ತೇನೆ. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಪ್ರತಿ ಪಡೆಯ ಹಾಜರಿ ಮತ್ತು ಸಂಬಳದ ಪುಸ್ತಕಗಳಿವೆ, ಅವನ್ನು ಮಸ್ಟರ್ ರೋಲ್ ಎನ್ನುತ್ತಾರೆ. ನ್ಯೂಜಿಲೆಂಡಿನಲ್ಲೇ ಬಿಡುಗಡೆ ಪಡೆದವರ ಹೆಸರು ಅಲ್ಲಿ ಸಿಗಬೇಕು. ಈ ಪಡೆ 1866ರಲ್ಲಿ ಹಿಂದಿರುಗಿತಾದ್ದರಿಂದ ಅದಕ್ಕೆ ಹಿಂದಿನ ಎರಡು ವರ್ಷಗಳ ಪುಟಗಳನ್ನು ಗಮನವಿಟ್ಟು ನೋಡಿ.

ಮದ್ರಾಸ್ ಎಂಬುದನ್ನು ಚೆನ್ನೈ ನಗರ ಎಂದೇ ತಿಳಿಯಬೇಕಾಗಿಲ್ಲ. ಬೆಂಗಳೂರಿನ ದಂಡು, ಬಳ್ಳಾರಿ, ತಿರುಚಿನಾಪಳ್ಳಿ ಇವೆಲ್ಲ ಮದ್ರಾಸ್ ಸೈನ್ಯದ ನೆಲೆಗಳು. ದೂರದ ನ್ಯೂಜಿಲೆಂಡಿನ ಗುಮಾಸ್ತನಿಗೆ ಅವೆಲ್ಲವೂ ಮದ್ರಾಸೇ. ಅಲ್ಲಿನ ಚರ್ಚುಗಳ ದೀಕ್ಷೆ, ಮದುವೆ, ಸಮಾಧಿಯ ವಿವರಗಳ ಪ್ರತಿಗಳನ್ನು ಆಗ ಲಂಡನ್ನಿಗೆ ಕಳಿಸುತ್ತಿದ್ದರು, ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಬಗ್ಗೆ ಕೆಲಸ ಮಾಡುವ ಫಿಬಿಸ್ ಎಂಬ ಸಂಘದ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ತಂದೆ ಐರಿಶ್ ಸೈನಿಕನಾಗಿದ್ದರೆ ಮಗುವಿಗೆ ಕ್ಯಾಥೊಲಿಕ್ ಚರ್ಚಿನಲ್ಲಿ ಜ್ಞಾನಸ್ನಾನವಾಗಿರುವುದೇ ಹೆಚ್ಚು. ಆ ವಿವರಗಳೆಲ್ಲ ಲಂಡನ್ನಿಗೆ ಹೋಗಿಲ್ಲ, ಆಗ ಇಲ್ಲಿನ ಚರ್ಚುಗಳಿಗೇ ಬರೆದು ಕೇಳಬೇಕಾಗುತ್ತದೆ.

ಇಂಥ ಪುಟಗಳನ್ನು ಓದುವಾಗ ನನ್ನನ್ನು ಬಹಳ ಕಾಡಿದ ಸಂಗತಿಯೊಂದಿದೆ. ತಂದೆಯ ಹೆಸರು, ಹುದ್ದೆ, ಪಡೆಯ ಸಂಖ್ಯೆ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿರುತ್ತಾರೆ. ತಾಯಿ ಭಾರತೀಯಳಾದರೆ ಮೇರಿ ಅಥವಾ ಆನ್ ಎಂಬ ದೀಕ್ಷೆಯ ಹೆಸರೊಂದೇ ಇರುತ್ತದೆ, ಕೆಲವೆಡೆ ಅದೂ ಇರುವುದಿಲ್ಲ. ನಿಮ್ಮ ಫೋವೋ ಜಲಸಂಧಿಯ ಮೇರಿಯನ್ನು ಬರೆದ ರೀತಿಯಲ್ಲೇ ಇಲ್ಲಿನ ತಾಯಂದಿರನ್ನೂ ಬರೆದಿದ್ದಾರೆ. ಆದ್ದರಿಂದ ಆ ದಂಪತಿಗಳಿಬ್ಬರ ತಾಯಂದಿರೂ ಆಯಾ ನಾಡಿನ ಮೂಲದವರೇ ಆಗಿದ್ದಿರಬಹುದು, ಒಬ್ಬರು ಅಲ್ಲಿ, ಒಬ್ಬರು ಇಲ್ಲಿ. ಮನೆಯವರು ಒಂದು ಕಥೆಯನ್ನು ಒಪ್ಪಲು ಇನ್ನೊಂದನ್ನು ಅಲ್ಲಗಳೆಯಬೇಕಾದ ಅಗತ್ಯವಿಲ್ಲ.

ಭಾರತಕ್ಕೂ ನ್ಯೂಜಿಲೆಂಡಿಗೂ ಈ ಓಡಾಟ ಹಳೆಯದು. 1810ರ ಸುಮಾರಿಗೇ ಬಂಗಾಳದ ನಾವಿಕನೊಬ್ಬ ಹಡಗು ಬಿಟ್ಟು ಬೇ ಆಫ್ ಐಲ್ಯಾಂಡ್ಸ್‌ನಲ್ಲಿ ಮಾವೋರಿ ಮಹಿಳೆಯೊಡನೆ ಸಂಸಾರ ಹೂಡಿದ್ದ. ಎದುರು ದಿಕ್ಕಿನಲ್ಲಿ ಬಂದವರೂ ಇದ್ದಾರೆ: ಮಾವೋರಿ ಯುದ್ಧದಲ್ಲಿ ಪಾಲ್ಗೊಂಡು ಬೆಂಗಳೂರಿನ ದಂಡಿನಲ್ಲಿ ನೆಲೆಸಿದ ಐರಿಶ್ ಸೈನಿಕ ಮೈಕೆಲ್ ಲವೆಲ್ ಅವರೇ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ, ಕೋಲಾರದ ಚಿನ್ನದ ಗಣಿಗಾರಿಕೆಗೆ ದಾರಿ ಮಾಡಿದವರು. ನಮ್ಮ ಲವೆಲ್ ರಸ್ತೆ ಅವರ ಹೆಸರಿನದೇ.

ದಕ್ಷಿಣತೀರ:

ಕುಮುದ್ವತಿಯವರೇ, ನಾನು ಬ್ಲಫ್‌ನಲ್ಲಿ ಶಿಕ್ಷಕಿಯಾಗಿದ್ದೇನೆ. ನನ್ನ ಯಜಮಾನರ ತಾಯಿ ಙಾಯ್ ತಾಹು ಬುಡಕಟ್ಟಿನವರು. ಸಮುದಾಯದವರನ್ನು ಕೇಳುವುದು ಹೇಗೆ ಎಂಬ ನಿಮ್ಮ ಕೊನೆಯ ಪ್ರಶ್ನೆಯನ್ನೇ ನಾನು ಎತ್ತಿಕೊಳ್ಳುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ಅದೇ ಮುಖ್ಯವಾದದ್ದು.

ದಕ್ಷಿಣ ದ್ವೀಪದ ಬಹುಭಾಗ ಙಾಯ್ ತಾಹು ಜನರದು. ಅವರಲ್ಲಿ ಅವರಿಗಿಂತ ಹಿಂದಿನ ಕಾಟಿ ಮಾಮೊಯೆ ಮತ್ತು ವೈಟಾಹಾ ಜನರೂ ಬೆರೆತಿದ್ದಾರೆ. ಇಲ್ಲಿ ಸದಸ್ಯರಾಗುವುದಕ್ಕೆ ಡಿಎನ್‌ಎಯ ಶೇಕಡಾವಾರು ಲೆಕ್ಕಕ್ಕೆ ಬರುವುದೇ ಇಲ್ಲ. 1848ರಲ್ಲಿ ಬದುಕಿದ್ದ ಹಿರಿಯರ ಪಟ್ಟಿಯೊಂದಿದೆ. ಆ ವರ್ಷ ಕೆಂಪ್ ಎಂಬ ಅಧಿಕಾರಿ ಸುಮಾರು ಎರಡು ಕೋಟಿ ಎಕರೆ ಭೂಮಿಯನ್ನು 2,000 ಪೌಂಡಿಗೆ ಬರೆಸಿಕೊಂಡದ್ದರ ವಿರುದ್ಧ ನಡೆದ ದೀರ್ಘ ಹೋರಾಟದ ಅಂಗವಾಗಿ, 1925ರಲ್ಲಿ ಭೂ ನ್ಯಾಯಾಲಯವೂ 1929ರಲ್ಲಿ ಬುಡಕಟ್ಟಿನ ಸಮಿತಿಯೂ ಅದನ್ನು ಸಿದ್ಧಪಡಿಸಿದವು. ಆ ಪಟ್ಟಿಯ ಒಬ್ಬರಿಂದ ನಿಮ್ಮ ಪತಿಯವರೆಗೆ ತಲೆಮಾರುಗಳನ್ನು ಒಂದೊಂದಾಗಿ ಜೋಡಿಸಬೇಕು, ಅಷ್ಟೇ. ಈ ವಂಶಕಥನವನ್ನು ಫಕಪಾಪ ಎನ್ನುತ್ತಾರೆ. ಅದಕ್ಕೆಂದೇ ಬುಡಕಟ್ಟಿನ ಕಚೇರಿಯಲ್ಲಿ ಪ್ರತ್ಯೇಕ ವಿಭಾಗವಿದೆ. 1848ರಲ್ಲಿ ನಿಮ್ಮ ಹಿರಿಯ ಮಹಿಳೆಗೆ ಎಂಟು ವರ್ಷ. ತಾಯಿಯ ಹೆಸರಿಲ್ಲದಿದ್ದರೂ ಆ ಮಗುವಿನ ಹೆಸರೇ, ಅಥವಾ ಅವಳ ಒಡಹುಟ್ಟಿದವರ ಹೆಸರೇ ಆ ಪಟ್ಟಿಯಲ್ಲಿರಬಹುದು.

ಹೋಗುವ ಮೊದಲು ಹಳೆಕಡತ ಅವರು ಹೇಳಿದ ಕಾಗದಗಳಲ್ಲಿ ಕೈಗೆ ಸಿಕ್ಕವನ್ನು ತಲೆಮಾರಿನ ಕ್ರಮದಲ್ಲಿ ಜೋಡಿಸಿಕೊಳ್ಳಿ. ಹಳೆಯ ಚಿತ್ರಗಳ ಪ್ರತಿಗಳನ್ನೂ ಒಯ್ಯಿರಿ. ನಾವು ಮಾವೋರಿಗಳೋ ಅಲ್ಲವೋ ಹೇಳಿ ಎಂದು ಕೇಳಬೇಡಿ. ಈ ತಂದೆಯ ಮಗಳೊಬ್ಬರು ನಮ್ಮ ಹಿರಿಯರು, ಇವರ ತಾಯಿಯ ಕಡೆಯವರನ್ನು ಹುಡುಕುತ್ತಿದ್ದೇವೆ, ನಿಮ್ಮ ಹಿರಿಯರಲ್ಲಿ ಯಾರಿಗಾದರೂ ಈ ಹೆಸರು ಗೊತ್ತೇ ಎಂದು ಕೇಳಿ. ಸೌತ್‌ಲ್ಯಾಂಡಿನಲ್ಲಿ ಅವಾರುವಾ, ವೈಹೋಪೈ, ಓರಾಕಾ-ಅಪರಿಮಾ, ಹೊಕೊನುಯಿ ಎಂಬ ನಾಲ್ಕು ರುನಾಂಗಾಗಳಿವೆ, ಅಂದರೆ ಸ್ಥಳೀಯ ಸಭೆಗಳು. ವೈಹೋಪೈ ನಿಮ್ಮ ಇನ್ವರ್‌ಕಾರ್ಗಿಲ್‌ನಲ್ಲೇ ಇದೆ. ಕೇಳಲು ಹೋಗಬೇಕಾದವರು ನಿಮ್ಮ ಅತ್ತೆ ಮತ್ತು ಪತಿ. ನೀವು ಜೊತೆಗಿರಿ, ಆದರೆ ಮಾತು ಅವರ ಬಾಯಿಂದ ಬರಲಿ, ಏಕೆಂದರೆ ಆ ಹಿರಿಯರು ಅವರವರು. ಡಿಎನ್‌ಎ ಫಲಿತಾಂಶವನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಅಂತರ್ಜಾಲಕ್ಕೆ ಏರಿಸುವ ಮೊದಲು ಅವರೊಡನೆ ಮಾತಾಡಿ. ವಂಶದ ವಿವರ ಒಬ್ಬರ ಸ್ವತ್ತಲ್ಲ, ಇಡೀ ಕುಟುಂಬದ್ದು ಎಂಬ ಭಾವನೆ ಇಲ್ಲಿ ಬಹಳ ಗಟ್ಟಿಯಾಗಿದೆ.

ಇನ್ನೊಂದು ಪ್ರಶ್ನೆಯನ್ನು ಅತ್ತೆಯವರಿಗೆ ಕೇಳಿ ನೋಡಿ: ಅವರ ಬಾಲ್ಯದಲ್ಲಿ ಮನೆಯವರು ಯಾರಾದರೂ ಟೀಟೀ ಹಕ್ಕಿಯ ಬೇಟೆಗೆ ಹೋಗುತ್ತಿದ್ದರೇ? ಸ್ಟೂವರ್ಟ್ ದ್ವೀಪದ ಸುತ್ತಲಿನ ಸಣ್ಣ ದ್ವೀಪಗಳಲ್ಲಿ ಪ್ರತಿ ವರ್ಷ ಏಪ್ರಿಲ್ 1ರಿಂದ ಮೇ ಕೊನೆಯವರೆಗೆ ಆ ಕಡಲ ಹಕ್ಕಿಯ ಮರಿಗಳನ್ನು ಹಿಡಿದು, ಅದರದೇ ಕೊಬ್ಬಿನಲ್ಲಿಟ್ಟೋ ಉಪ್ಪು ಹಾಕಿಯೋ ಕೆಡದಂತೆ ಇಡುತ್ತಾರೆ. ಆ ಹಕ್ಕು ರಕಿಯುರಾ, ಅಂದರೆ ಸ್ಟೂವರ್ಟ್ ದ್ವೀಪದ ಮಾವೋರಿಗಳ ವಂಶದವರಿಗೆ ಮಾತ್ರ. ಹೊರಗೆ ಏನನ್ನೂ ಹೇಳಿಕೊಳ್ಳದೆ, ವರ್ಷಕ್ಕೊಮ್ಮೆ ದ್ವೀಪಕ್ಕೆ ಹೋಗುವುದನ್ನು ಮಾತ್ರ ಬಿಡದ ಮನೆತನಗಳು ಈ ಕಡೆ ಸಾಕಷ್ಟಿವೆ.

ಕುಮುದ್ವತಿ:

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಮರಣ ದಾಖಲೆಯ ಪ್ರಿಂಟ್‌ಔಟ್‌ಗೆ ಹಣ ಕಟ್ಟಿದ್ದೇವೆ. ಅತ್ತೆಯವರು ಪರೀಕ್ಷೆಗೆ ಒಪ್ಪಿದ್ದಾರೆ, ಅವರ ಅಣ್ಣ ಇನ್ನೂ ಯೋಚಿಸುತ್ತಿದ್ದಾರೆ.

ದಕ್ಷಿಣತೀರ ಅವರ ಪ್ರಶ್ನೆಯನ್ನು ಅತ್ತೆಯವರ ಮುಂದಿಟ್ಟೆ. ಮನೆಯವರು ಯಾರೂ ದ್ವೀಪಕ್ಕೆ ಹೋಗುತ್ತಿರಲಿಲ್ಲವಂತೆ. ಆದರೆ ಅವರ ಅಜ್ಜಿ, ಅಂದರೆ 1878ರಲ್ಲಿ ಹುಟ್ಟಿದವರು, ಬದುಕಿರುವವರೆಗೂ ಚಳಿಗಾಲದ ಹೊತ್ತಿಗೆ ಸ್ಟೂವರ್ಟ್ ದ್ವೀಪದಿಂದ ತಗಡಿನ ಡಬ್ಬಿಯೊಂದು ಬರುತ್ತಿತ್ತು. ಒಳಗೆ ಉಪ್ಪಿನ ಹಕ್ಕಿಗಳು, ಮನೆಯೆಲ್ಲ ಮೀನೆಣ್ಣೆಯಂಥ ವಾಸನೆ. ಅಜ್ಜಿ ಉಪ್ಪು ಬಿಡಲೆಂದು ಮೂರು ಬಾರಿ ನೀರು ಬದಲಿಸಿ ಬೇಯಿಸುತ್ತಿದ್ದರಂತೆ, ಮಕ್ಕಳು ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡುತ್ತಿದ್ದರಂತೆ. ಕಳಿಸುತ್ತಿದ್ದವರು ಅಜ್ಜಿಯ ದೊಡ್ಡಮ್ಮನ ಮಗಳ ಮನೆಯವರು ಎಂದು ಅತ್ತೆಯವರಿಗೆ ನೆನಪಿದೆ, ಆ ಮನೆತನದ ಹೆಸರನ್ನೂ ಹೇಳಿದರು. ಬದುಕಿರುವವರ ಮನೆತನವಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಇದಕ್ಕೆ ಎಷ್ಟು ಬೆಲೆ ಕೊಡಬಹುದು?

ಹಳೆಕಡತ:

ಬಹಳ ಬೆಲೆ ಕೊಡಬಹುದು, ಆದರೆ ಇದರಿಂದಲೇ ಮುಗಿಯಿತು ಎನ್ನುವಂತಿಲ್ಲ. ಹಕ್ಕಿಗಳನ್ನು ನೆರೆಹೊರೆಯವರಿಗೂ ಕೊಡುತ್ತಿದ್ದರು, ಮಾರುತ್ತಲೂ ಇದ್ದರು. ಡಬ್ಬಿ ಬಂದ ಮಾತ್ರಕ್ಕೆ ರಕ್ತಸಂಬಂಧ ಸಿದ್ಧವಾಗದು. ಮುಖ್ಯವಾದದ್ದು ದೊಡ್ಡಮ್ಮ ಎಂಬ ಮಾತು. ಅದು ನಿಜವಾದರೆ 1840ರಲ್ಲಿ ಹುಟ್ಟಿದ ಮಹಿಳೆಗೆ ಒಬ್ಬ ಅಕ್ಕ ಇದ್ದರು, ಆ ಅಕ್ಕ ದ್ವೀಪದಲ್ಲೇ ಉಳಿದರು. ಹಾಗೆ ಉಳಿದವರ ಮಕ್ಕಳು ಸರ್ಕಾರದ ಪಟ್ಟಿಗಳಲ್ಲಿ, ಭೂ ನ್ಯಾಯಾಲಯದ ಪುಸ್ತಕಗಳಲ್ಲಿ ಕಾಣುವ ಸಂಭವ, ಮುಖ್ಯಭೂಮಿಗೆ ಮದುವೆಯಾಗಿ ಬಂದು ಬಿಳಿಯರ ನಡುವೆ ಬೆರೆತ ತಂಗಿಯ ಮಕ್ಕಳಿಗಿಂತ ಎಷ್ಟೋ ಹೆಚ್ಚು.

ಆದ್ದರಿಂದ ನಿಮ್ಮ ಮಹಿಳೆಯನ್ನು ಬಿಟ್ಟು ಆ ಅಕ್ಕನನ್ನು ಹುಡುಕಿ. ತಂದೆಯ ಹೆಸರು ಎರಡೂ ಕಡೆ ಒಂದೇ ಇರಬೇಕು. ಮೊದಲು ವೋಲರ್ಸ್ ಅವರ ಪುಸ್ತಕದಲ್ಲಿ ಆ ತಂದೆಯ ಮಕ್ಕಳೆಲ್ಲರನ್ನೂ ನೋಡಿ, ಆಮೇಲೆ 1877ರ ಕಾಯಿದೆಯ ಪಟ್ಟಿಯಲ್ಲಿ ನೆಕ್‌ನ ಜಮೀನಿನ ಮುಂದೆ ಅತ್ತೆಯವರು ಹೇಳಿದ ಮನೆತನದ ಹೆಸರಿದೆಯೇ ನೋಡಿ. ಅಕ್ಕನ ತಾಯಿಯ ಹೆಸರು ಎಲ್ಲಿಯಾದರೂ ಪೂರ್ತಿಯಾಗಿ ಸಿಕ್ಕರೂ ಇಬ್ಬರದೂ ಒಂದೇ ತಾಯಿ ಎಂಬುದನ್ನು ಬೇರೆಯಾಗಿ ಸಾಧಿಸಬೇಕಾಗುತ್ತದೆ; ತಿಮಿಂಗಿಲ ಬೇಟೆಗಾರರಲ್ಲಿ ಒಬ್ಬ ಹೆಂಡತಿ ತೀರಿಕೊಂಡ ಮೇಲೆ ಇನ್ನೊಬ್ಬರನ್ನು ಮದುವೆಯಾದವರು ಹಲವರಿದ್ದರು. ವರ್ಣತಂತು ಅವರು ಹೇಳಿದ ಮೈಟೋಕಾಂಡ್ರಿಯಾದ ಪರೀಕ್ಷೆ ಉಪಯೋಗಕ್ಕೆ ಬರುವುದು ಇಲ್ಲಿಯೇ: ಅಕ್ಕನ ಹೆಣ್ಣುಸಾಲಿನವರೊಬ್ಬರು, ತಂಗಿಯ ಹೆಣ್ಣುಸಾಲಿನವರೊಬ್ಬರು ಮಾದರಿ ಕೊಟ್ಟು ಎರಡೂ ಅಕ್ಷರಶಃ ಹೊಂದಿದರೆ ವಾದಕ್ಕೆ ಬಲ ಬರುತ್ತದೆ. ಆದರೆ ಅಷ್ಟು ದೂರ ಹೋಗುವ ಮೊದಲು ಆ ದ್ವೀಪದ ಮನೆತನದವರಿಗೆ ಅತ್ತೆಯವರ ಕೈಯಲ್ಲಿ ಒಂದು ಕಾಗದ ಬರೆಸಿ, ಡಬ್ಬಿಯ ವಿಷಯವನ್ನೂ ಅದರಲ್ಲಿ ತಿಳಿಸಿ. ಈ ಕಡೆಯವರು ಮರೆತದ್ದನ್ನು ಕಳಿಸಿದ ಕಡೆಯವರು ನೆನಪಿಟ್ಟುಕೊಂಡಿರಬಹುದು.